ಎರಡು ಗಂಟೆ ಕ್ಲಾಸು, ನಾಲ್ಕು ಗಂಟೆ ದಾರಿ: ಮಗಳ ಚಿಯರ್ ತರಬೇತಿಗೆ ದಿನಾ ದುರ್ಗದಿಂದ ದಾವಣಗೆರೆ

ಪ್ರಶ್ನೆ: ನಮಸ್ತೆ ಮೇಡಂ. ನಾವು ಚಿತ್ರದುರ್ಗದವರು. ಮಗಳಿಗೆ 11 ವರ್ಷ, ಆರನೇ ಕ್ಲಾಸು. ಸ್ಕೂಲ್ ಡೇಗೆ ಬಂದಿದ್ದ ಒಬ್ಬ ಕೋಚ್ ಅವಳು ಲಾಗ ಹಾಕುವುದನ್ನು ನೋಡಿ, ದಾವಣಗೆರೆಯಲ್ಲಿ ಚಿಯರ್‌ಲೀಡಿಂಗ್ ಟೀಮ್ ಕಟ್ಟುತ್ತಿದ್ದೇವೆ, ಕಳಿಸಿ ಅಂದರು. ಮೊದಲು ಭಾನುವಾರ ಮಾತ್ರ ಹೋಗುತ್ತಿದ್ದಳು. ಜೂನ್‌ನಲ್ಲಿ ಕಾಂಪಿಟಿಷನ್ ಟೀಮಿಗೆ ಆಯ್ಕೆ ಆದಳು. ಈಗ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಸಂಜೆ 6ರಿಂದ 8 ಕ್ಲಾಸು. ಶಾಲೆ 4 ಗಂಟೆಗೆ ಬಿಡುತ್ತದೆ. ನಾನು ಗೇಟಿನ ಹತ್ತಿರವೇ ಬ್ಯಾಗ್ ಬದಲಿಸಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಓಡುತ್ತೇನೆ. ವಾಪಸ್ ಮನೆ ಸೇರುವಾಗ 9:45, ಉಂಡು ಮಲಗುವಾಗ 10:45. ಬೆಳಿಗ್ಗೆ 6ಕ್ಕೆ ಎಬ್ಬಿಸಬೇಕು. ಯಜಮಾನರದು ಹಾರ್ಡ್‌ವೇರ್ ಅಂಗಡಿ. ಎರಡನೇ ಕ್ಲಾಸಿನ ಮಗ ಅಜ್ಜಿ ಹತ್ತಿರ ಇರುತ್ತಾನೆ. ನಾನು ಬ್ಲೌಸ್ ಹೊಲಿಯುವುದನ್ನು ಮುಕ್ಕಾಲು ಪಾಲು ಬಿಟ್ಟಿದ್ದೇನೆ. ಈಗ ಕೋಚ್, ತಿಂಗಳಿಗೊಮ್ಮೆ ಬೆಂಗಳೂರು ಕ್ಯಾಂಪಿಗೂ ಬರಬೇಕು ಅನ್ನುತ್ತಿದ್ದಾರೆ. ನಮ್ಮತ್ತೆ ‘ಐಪಿಎಲ್‌ನಲ್ಲಿ ಕುಣಿಸೋದಕ್ಕೆ ಇಷ್ಟೊಂದು ಒದ್ದಾಟನಾ’ ಅಂತ ದಿನಾ ಅನ್ನುತ್ತಾರೆ. ಮಗಳನ್ನು ಕೇಳಿದರೆ ‘ನಾನು ಬಿಡಲ್ಲ’ ಅನ್ನುತ್ತಾಳೆ. ಹೀಗೇ ಮುಂದುವರಿಸಬೇಕಾ, ದಾವಣಗೆರೆಯಲ್ಲೇ ಮನೆ ಮಾಡಬೇಕಾ, ನಿಲ್ಲಿಸಬೇಕಾ? ಬಸ್ಸಿನಲ್ಲಿ ಹೋಮ್‌ವರ್ಕ್ ಮಾಡಿಸಬಹುದಾ?

ಉತ್ತರ: ನಿಲ್ಲಿಸಬೇಡಿ. ಮನೆಯನ್ನೂ ಬದಲಿಸಬೇಡಿ. ಆದರೆ 5 ದಿನದ ಓಡಾಟವನ್ನು 2 ದಿನಕ್ಕೆ ಇಳಿಸಿ, ಅದೂ ಈ ತಿಂಗಳೇ. ಯಾಕೆ, ಹೇಗೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ದಾವಣಗೆರೆಯಲ್ಲಿ 22 ವರ್ಷ ಜಿಮ್ನಾಸ್ಟಿಕ್ಸ್ ಹೇಳಿಕೊಟ್ಟವಳು ನಾನು. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದು ಹಾಲ್‌ನ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತ ಅಮ್ಮಂದಿರನ್ನು ಅಷ್ಟೂ ವರ್ಷ ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಇದನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ, ಆ ಕತೆಗೂ ಬರುತ್ತೇನೆ.

ಮೊದಲು ಲೆಕ್ಕ. ದುರ್ಗದಿಂದ ದಾವಣಗೆರೆ 60 ಕಿಲೋಮೀಟರ್ ಅಂತ ಹಿಡಿಯಿರಿ. ಹೋಗಿ ಬಂದರೆ 120, ವಾರಕ್ಕೆ 600. ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದಷ್ಟು ದಾರಿ. ಗಂಟೆ ಲೆಕ್ಕ ಇನ್ನೂ ಕೆಟ್ಟದಾಗಿದೆ. 4ಕ್ಕೆ ಶಾಲೆ ಬಿಟ್ಟವಳು 9:45ಕ್ಕೆ ಮನೆ ಸೇರುತ್ತಾಳೆ ಅಂದರೆ 5 ಮುಕ್ಕಾಲು ಗಂಟೆ ಆಯಿತು. ಅದರಲ್ಲಿ ಕ್ಲಾಸು 2 ಗಂಟೆ. ಮಿಕ್ಕಿದ್ದೆಲ್ಲ ಬಸ್ಸು, ಬಸ್ ಸ್ಟ್ಯಾಂಡು, ಆಟೋ, ಕಾಯುವುದು. ವಾರಕ್ಕೆ 10 ಗಂಟೆ ತರಬೇತಿಗೆ ಹತ್ತಿರ ಹತ್ತಿರ 19 ಗಂಟೆ ದಾರಿ.

ಇದರಲ್ಲಿ ತರಬೇತಿ ಜಾಸ್ತಿ ಆಯಿತು ಅಂತ ನಾನು ಹೇಳುವುದಿಲ್ಲ. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆ ತರಬೇತಿ ದಾಟಬಾರದು ಅಂತ ಕ್ರೀಡಾ ವೈದ್ಯರು ಒಂದು ಅಂದಾಜು ಹೇಳುತ್ತಾರೆ. 11 ವರ್ಷಕ್ಕೆ 11 ಗಂಟೆ. ನಿಮ್ಮ ಮಗಳದು 10, ಅಂಚಿನಲ್ಲಿದೆ, ಆದರೂ ಒಳಗೇ ಇದೆ. ಹೊರಗೆ ಹೋಗಿರುವುದು ನಿದ್ದೆ. 10:45ಕ್ಕೆ ಮಲಗಿ 6ಕ್ಕೆ ಎದ್ದರೆ 7 ಕಾಲು ಗಂಟೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ದೆ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಕನಿಷ್ಠ ಲೆಕ್ಕ ಹಿಡಿದರೂ ದಿನಕ್ಕೆ ಒಂದು ಮುಕ್ಕಾಲು ಗಂಟೆ ಸಾಲ. ಶುಕ್ರವಾರ ಸಂಜೆ ಹೊತ್ತಿಗೆ ಅವಳು ಸುಮಾರು ಒಂದು ಇಡೀ ರಾತ್ರಿಯ ನಿದ್ದೆ ಬಾಕಿ ಇಟ್ಟುಕೊಂಡು ಇನ್ನೊಬ್ಬ ಹುಡುಗಿಯ ಅಂಗೈ ಮೇಲೆ ಕಾಲಿಟ್ಟು ಮೇಲಕ್ಕೆ ಹೋಗುತ್ತಿದ್ದಾಳೆ. ಓದಿನಲ್ಲಿ ನಿದ್ದೆ ಕೆಟ್ಟರೆ ಒಂದು ಪ್ರಶ್ನೆ ತಪ್ಪಬಹುದು. ಇಲ್ಲಿ ತಪ್ಪುವುದು ಕೈ ಊರುವ ಜಾಗ.

ಅತ್ತೆಯವರ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅವರ ಮೇಲೆ ಸಿಟ್ಟಾಗಬೇಡಿ. ನಮ್ಮಲ್ಲಿ ಈ ಪದ ಮನೆಮನೆಗೆ ಬಂದಿದ್ದೇ 2008ರಲ್ಲಿ, ಐಪಿಎಲ್ ಜೊತೆ. ಫೋರ್ ಹೊಡೆದಾಗ ಬೌಂಡರಿ ಹತ್ತಿರ ಕುಣಿಯುವವರು ಅಂತಲೇ ಎಲ್ಲರೂ ತಿಳಿದಿದ್ದಾರೆ. ನಿಮ್ಮ ಮಗಳು ಮಾಡುತ್ತಿರುವುದು ಬೇರೆ. ಸ್ಪರ್ಧೆಯ ಚಿಯರ್ ಅಂದರೆ ಎರಡೂವರೆ ನಿಮಿಷದ ಆಟ. ಅಷ್ಟರಲ್ಲಿ ಲಾಗ, ಜಿಗಿತ, ಒಬ್ಬರನ್ನೊಬ್ಬರು ಎತ್ತಿ ಹಿಡಿಯುವುದು, ಪಿರಮಿಡ್, ಡಾನ್ಸ್ ಎಲ್ಲ ಮುಗಿಯಬೇಕು. ಇನ್ನೊಂದು ಮಾತು ಅತ್ತೆಯವರಿಗೆ ಖುಷಿ ಕೊಡಬಹುದು: 1898ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇದು ಶುರುವಾದಾಗ ಮಾಡುತ್ತಿದ್ದವರೆಲ್ಲ ಗಂಡಸರು. ಹೆಣ್ಣುಮಕ್ಕಳು ಬಂದಿದ್ದು 1923ರಲ್ಲಿ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ಸಂಸ್ಥೆಗೆ 2016ರಲ್ಲಿ ತಾತ್ಕಾಲಿಕ ಮಾನ್ಯತೆ, 2021ರಲ್ಲಿ ಪೂರ್ತಿ ಮಾನ್ಯತೆ ಕೊಟ್ಟಿದೆ. ಹಾಗಂತ ಒಲಿಂಪಿಕ್ಸ್ ಪದಕದ ಆಟ ಇನ್ನೂ ಆಗಿಲ್ಲ, ಅದು ಬೇರೆ ವಿಷಯ. ಆದ್ದರಿಂದ ಮುಂದೆ ಸ್ಪೋರ್ಟ್ಸ್ ಕೋಟಾ ಸಿಗುತ್ತದೆ, ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ ಅಂತ ಯಾರಾದರೂ ಹೇಳಿದರೆ, ಯಾವ ಸಂಸ್ಥೆಯ ಸರ್ಟಿಫಿಕೇಟ್, ಅದನ್ನು ಎಲ್ಲಿ ಒಪ್ಪುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಮೇಲೆ 600 ಕಿಲೋಮೀಟರ್ ಓಡಾಡಬೇಡಿ.

ಈಗ ಅಸಲು ವಿಷಯ. ಒಮ್ಮೆ ನನ್ನದೇ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿಯನ್ನು ಗುರುತಿಟ್ಟುಕೊಂಡು, ಎರಡು ಗಂಟೆಯಲ್ಲಿ ಅವಳು ಏನೇನು ಮಾಡಿದಳು ಅಂತ ವಾಚ್ ನೋಡಿ ಬರೆದುಕೊಂಡೆ. ಮೈ ಬಿಸಿ ಮಾಡುವ ಓಟ, ಜಿಗಿತ 20 ನಿಮಿಷ. ಕಾಲು ಚಾಚುವುದು, ಸ್ಪ್ಲಿಟ್ 15. ಹೊಟ್ಟೆ, ತೊಡೆ, ತೋಳಿನ ಕಸರತ್ತು 15. ಕೈಯ ಚಲನೆ, ಎಂಟರ ಎಣಿಕೆ, ಡಾನ್ಸ್ 20. ಲೈನಿನಲ್ಲಿ ನಿಂತಿದ್ದು, ನೀರು ಕುಡಿದಿದ್ದು, ಜಡೆ ಸರಿ ಮಾಡಿಕೊಂಡಿದ್ದು, ಪಕ್ಕದವಳ ಜೊತೆ ನಕ್ಕಿದ್ದು 15. ಉಳಿದಿದ್ದು 35 ನಿಮಿಷ. ಆ ಹಾಲ್ ಇಲ್ಲದೆ, ನಾನಿಲ್ಲದೆ ಮಾಡಲು ಆಗದ ಕೆಲಸ ಅಷ್ಟೇ ಇತ್ತು. ನನಗೇ ನಾಚಿಕೆ ಆಯಿತು. 35 ನಿಮಿಷಕ್ಕೆ ಒಂದು ಮಗು ಎರಡು ಬಸ್ ಬದಲಿಸಿ ಬರುತ್ತಿತ್ತು.

ನಿಮ್ಮ ಮಗಳ ಕ್ಲಾಸೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಒಂದು ದಿನ ನೀವೇ ಬೆಂಚಿನ ಮೇಲೆ ಕೂತು ಬರೆದುಕೊಳ್ಳಿ. 35 ನಿಮಿಷವನ್ನು 5ರಿಂದ ಗುಣಿಸಿದರೆ 175 ನಿಮಿಷ. ಇದನ್ನೇ ಎರಡು ದಿನಕ್ಕೆ ಹಂಚಿ, ದಿನಕ್ಕೆ ಒಂದೂವರೆ ಗಂಟೆ ಬರೀ ಹಾಲ್‌ನಲ್ಲೇ ಆಗಬೇಕಾದ ಕೆಲಸ ಇಟ್ಟುಕೊಂಡರೆ 180 ನಿಮಿಷ ಆಗುತ್ತದೆ. ಒಂದು ಸರಿಯಾದ ಆಕ್ಷೇಪ ಇದೆ, ಅದನ್ನೂ ಹೇಳುತ್ತೇನೆ. ಹೊಸದಾಗಿ ಲಾಗ ಕಲಿಯುವಾಗ ದಿನಾ ಸ್ವಲ್ಪ ಸ್ವಲ್ಪ ಮಾಡುವುದು ಒಳ್ಳೆಯದು. ಎರಡೇ ದಿನ ಹೋದರೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್, ಅಂದರೆ ಹಿಂದಕ್ಕೆ ಎಗರಿ ಕೈ ಊರಿ ಹಾಕುವ ಲಾಗ, ಒಂದೆರಡು ತಿಂಗಳು ತಡವಾಗಿ ಬರಬಹುದು. ಬರಲಿ ಬಿಡಿ. 11 ವರ್ಷಕ್ಕೆ ಎರಡು ತಿಂಗಳು ಯಾವ ಲೆಕ್ಕ?

ಹಾಲ್‌ನಲ್ಲೇ ಆಗಬೇಕಾದ್ದು ಅಂದರೆ ಮೂರು. ಒಂದು, ನೆಲ. ಸ್ಪರ್ಧೆಯ ಚಿಯರ್ ನೆಲ 54 ಅಡಿ ಅಗಲ, 42 ಅಡಿ ಉದ್ದ, 6 ಅಡಿಯ 9 ಪಟ್ಟಿ ಜೋಡಿಸಿದ್ದು. ಒಳ್ಳೆಯ ಜಾಗಗಳಲ್ಲಿ ಅದರ ಕೆಳಗೆ ಸ್ಪ್ರಿಂಗ್ ಇರುತ್ತದೆ. ಅಷ್ಟು ದೊಡ್ಡದು ನಮ್ಮ ಕಡೆ ಇಲ್ಲದಿದ್ದರೂ ದಪ್ಪ ಮ್ಯಾಟಾದರೂ ಇರಲೇಬೇಕು. ಎರಡು, ಬೆನ್ನ ಕೆಳಗೆ ಕೈ ಕೊಟ್ಟು ತಿರುಗಿಸುವ ಕೋಚ್‌ನ ಕೈ. ಮೂರನೆಯದೇ ಮುಖ್ಯ, ಉಳಿದ ಮೂವರು ಹುಡುಗಿಯರು. ಮೇಲೆ ಹೋಗುವವಳು ಫ್ಲೈಯರ್, ಅವಳ ಪಾದ ಹಿಡಿಯುವ ಇಬ್ಬರು ಬೇಸ್, ಹಿಂದೆ ನಿಂತು ಅವಳ ತಲೆ-ಕತ್ತು ಕಾಯುವವಳು ಬ್ಯಾಕ್ ಸ್ಪಾಟ್. ನಾಲ್ವರಲ್ಲಿ ಒಬ್ಬಳು ಬರದಿದ್ದರೆ ಮೂವರೂ ಕೈಕಟ್ಟಿ ಕೂರಬೇಕು. ಈಜು, ಬ್ಯಾಡ್ಮಿಂಟನ್‌ನಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ತಪ್ಪಿಸಿದರೆ ನಿಮ್ಮ ಮಗು ಮಾತ್ರ ಹಿಂದೆ ಬೀಳುತ್ತದೆ. ಕೋಚ್ 5 ದಿನ ಬನ್ನಿ ಅನ್ನುತ್ತಿರುವುದಕ್ಕೆ ಬಹುಶಃ ಇದೇ ಕಾರಣ, ಅವರೇನೂ ಫೀಸಿನ ಆಸೆಗೆ ಹೇಳುತ್ತಿಲ್ಲ ಅಂತ ಇಟ್ಟುಕೊಳ್ಳೋಣ.

ಹಾಗಾಗಿ ಕೋಚ್ ಹತ್ತಿರ ಹೋಗಿ ‘ದಿನ ಕಮ್ಮಿ ಮಾಡಿ’ ಅಂತ ಕೇಳಬೇಡಿ. ‘ಎತ್ತುವ ಕೆಲಸ ಯಾವ ಎರಡು ದಿನ ಮಾಡಿಸುತ್ತೀರಿ ಹೇಳಿ, ಆ ಎರಡು ದಿನ ನಮ್ಮ ಮಗು ಒಂದು ಸಲವೂ ತಪ್ಪಿಸುವುದಿಲ್ಲ’ ಅಂತ ಹೇಳಿ. ವ್ಯತ್ಯಾಸ ಇದೆ. ಬುಧವಾರ ಸಂಜೆ ಒಂದು, ಶನಿವಾರ ಮಧ್ಯಾಹ್ನ ಒಂದು ಸಿಕ್ಕರೆ ಬಹಳ ಚೆನ್ನಾಗಿರುತ್ತದೆ. ಶನಿವಾರ ಶಾಲೆ ಬೇಗ ಬಿಡುತ್ತದೆ, ಉಂಡು ಹೊರಟು ಎರಡೂವರೆ ಗಂಟೆ ಮಾಡಿ 7ರೊಳಗೆ ದುರ್ಗ ಸೇರಬಹುದು. ಆಗ ವಾರದಲ್ಲಿ ತಡವಾಗಿ ಮಲಗುವುದು ಬುಧವಾರ ಒಂದೇ ರಾತ್ರಿ. ಸ್ಪರ್ಧೆಗೆ 6 ವಾರ ಇರುವಾಗ ಭಾನುವಾರ ಬೆಳಿಗ್ಗೆಯನ್ನೂ ಸೇರಿಸಿ 3 ದಿನ ಮಾಡಿ. ಪರೀಕ್ಷೆ ತಿಂಗಳಲ್ಲಿ ಬರೀ ಶನಿವಾರ. ಕೋಚ್ ಒಪ್ಪದಿದ್ದರೆ ಈ ವರ್ಷ ಕಾಂಪಿಟಿಷನ್ ಟೀಮ್ ಬಿಟ್ಟು ಎರಡನೇ ಟೀಮಿನಲ್ಲಿರಲಿ. ಮಗಳು ಅಳುತ್ತಾಳೆ, ಗೊತ್ತು. ಎರಡು ದಿನ ಅಳುತ್ತಾಳೆ.

ಉಳಿದ ಮೂರು ದಿನ ಮನೆಯಲ್ಲಿ ದಿನಕ್ಕೆ 40 ನಿಮಿಷ. ಗೋಡೆಗೆ ಕಾಲು ಒರಗಿಸಿ ತಲೆಕೆಳಗಾಗಿ ಕೈ ಮೇಲೆ ನಿಲ್ಲುವುದು. ಅಂಗಾತ ಮಲಗಿ ಸೊಂಟ ನೆಲಕ್ಕೆ ಒತ್ತಿ ಕೈಕಾಲು ಎತ್ತಿ ಹಿಡಿಯುವುದು. ಎರಡೂ ಕಡೆ ಸ್ಪ್ಲಿಟ್. ಕನ್ನಡಿ ಮುಂದೆ ಎಂಟರ ಎಣಿಕೆಯಲ್ಲಿ ಕೈ ಚಲನೆ, ಅದನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಕೋಚ್‌ಗೆ ಕಳಿಸಿದರೆ ಅವರಿಗೂ ನಂಬಿಕೆ ಬರುತ್ತದೆ. ಮತ್ತೆ ಬಸ್ಕಿ. ಹೌದು, ನಮ್ಮ ಗರಡಿಮನೆ ಬಸ್ಕಿ. ಮೇಲೆ ಹೋಗುವವಳನ್ನು ಎತ್ತುವ ಶಕ್ತಿ ತೋಳಿನಲ್ಲಿದೆ ಅಂತ ಎಲ್ಲರೂ ತಿಳಿದಿದ್ದಾರೆ. ಅದು ತೊಡೆಯಲ್ಲಿರುತ್ತದೆ. ದಾವಣಗೆರೆಯ ಕುಸ್ತಿ ಪೈಲ್ವಾನರನ್ನು ಕೇಳಿ ನೋಡಿ, ಅವರೂ ಅದನ್ನೇ ಹೇಳುತ್ತಾರೆ. ಓಟಕ್ಕೆ ದುರ್ಗದಲ್ಲಿ ಒನಕೆ ಓಬವ್ವ ಸ್ಟೇಡಿಯಂ ಇದೆ, ಬೆಳಿಗ್ಗೆ ಯಜಮಾನರೇ ಕರೆದುಕೊಂಡು ಹೋಗಲಿ, ಅವರಿಗೂ ಒಂದು ಪಾಲು ಇರಲಿ.

ಮನೆಯಲ್ಲಿ ಮಾಡಲೇಬಾರದ ಒಂದು ವಿಷಯವಿದೆ. ತಾರಸಿ ಮೇಲೆ, ಮಂಚದ ಹಾಸಿಗೆ ಮೇಲೆ, ಅಂಗಳದಲ್ಲಿ ಹಿಂದಕ್ಕೆ ಲಾಗ ಹಾಕುವುದು, ತಮ್ಮನನ್ನೋ ಗೆಳತಿಯನ್ನೋ ಹೆಗಲ ಮೇಲೆ ನಿಲ್ಲಿಸುವುದು. ವಿಡಿಯೋ ನೋಡಿ ಮಕ್ಕಳು ಮಾಡೇ ಮಾಡುತ್ತಾರೆ, ಹಾಗಾಗಿ ಮೊದಲೇ ಬಾಯಿಬಿಟ್ಟು ಹೇಳಿ. ಚಿಯರ್‌ನಲ್ಲಿ ಗಾಯಗಳ ಸಂಖ್ಯೆ ಬೇರೆ ಎಷ್ಟೋ ಆಟಗಳಿಗಿಂತ ಕಮ್ಮಿಯೇ, ಆದರೆ ಆಗುವ ಗಾಯ ಕೆಲವು ಸಲ ತಲೆಗೆ, ಕತ್ತಿಗೆ ಆಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಇದರ ಬಗ್ಗೆಯೇ ಒಂದು ಹೇಳಿಕೆ ಕೊಟ್ಟಿತು. ಗಟ್ಟಿ ನೆಲ, ಒದ್ದೆ ನೆಲ, ಏರುತಗ್ಗಿನ ನೆಲದ ಮೇಲೆ ಈ ಕಸರತ್ತು ಬೇಡವೇ ಬೇಡ ಅಂತ ಅದರಲ್ಲಿದೆ. ಕೋಚ್ ಕೂಡ ಯಾವತ್ತಾದರೂ ಕಾರ್ಯಕ್ರಮ ಇದೆ ಅಂತ ಸಿಮೆಂಟ್ ವೇದಿಕೆ ಮೇಲೆ ಮಕ್ಕಳನ್ನು ಎತ್ತಿಸಿದರೆ ನೀವು ಎದ್ದು ಹೋಗಿ ಬೇಡ ಅನ್ನಬಹುದು. ಎಂಎಲ್‌ಎ ಕೂತಿದ್ದರೂ ಅನ್ನಬಹುದು.

ಈಗ ನನ್ನ ಕತೆ. ವರ್ಷಗಳ ಹಿಂದೆ ದೂರದ ಒಂದು ತಾಲ್ಲೂಕಿನಿಂದ 12 ವರ್ಷದ ಹುಡುಗಿ ಬರುತ್ತಿದ್ದಳು, ಅಪ್ಪನ ಜೊತೆ, ವಾರಕ್ಕೆ 6 ದಿನ. ಅಪ್ಪ ಹೊಲದ ಕೆಲಸ ಮುಗಿಸಿ, ಕಾಲು ತೊಳೆದು, ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ನಾನು ಊರಿನ ಮಕ್ಕಳು ಸೋಮಾರಿತನ ಮಾಡಿದಾಗಲೆಲ್ಲ ‘ನೋಡಿ, ಅವಳು ಎಷ್ಟು ದೂರದಿಂದ ಬರುತ್ತಾಳೆ’ ಅಂತ ಎಲ್ಲರೆದುರು ಅವಳನ್ನು ತೋರಿಸುತ್ತಿದ್ದೆ. ಹೊಗಳುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಆ ಮಳೆಗಾಲದಲ್ಲಿ ಅವಳು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಪಕ್ಕದವಳ ಕೈಗೆ ಕೊಡುತ್ತಿದ್ದಳು. ಗೆಳತಿಯರ ಸಲಿಗೆ ಅಂದುಕೊಂಡೆ. ಎರಡು ತಿಂಗಳು ಅದನ್ನು ಕಣ್ಣಾರೆ ನೋಡಿಯೂ ಅಂದುಕೊಂಡೆ. ಒಂದು ದಿನ ಕೈ ಊರಿದವಳು ಮೊಣಕೈ ಮಡಚಿ ಮುಖದ ಮೇಲೆ ಬಿದ್ದಳು. ಎಕ್ಸ್‌ರೇ ತೆಗೆಸಿದರೆ ಮಣಿಕಟ್ಟಿನ ಮೂಳೆ ಬೆಳೆಯುವ ಜಾಗದಲ್ಲೇ ಪೆಟ್ಟು. ಒಂದೇ ಸಲ ಆದ ಪೆಟ್ಟಲ್ಲ, ದಿನಾ ದಿನಾ ಭಾರ ಬಿದ್ದು ಆಗಿದ್ದು. ಈ ವಯಸ್ಸಿನ ಜಿಮ್ನಾಸ್ಟಿಕ್ಸ್ ಮಕ್ಕಳಲ್ಲಿ ಇದು ಆಗುತ್ತದೆ, ಮೊದಲೇ ಕೈ ಬಿಡಿಸಿದ್ದರೆ ಕೆಲವೇ ವಾರದಲ್ಲಿ ಹೋಗುತ್ತಿತ್ತು. ಅವಳು ಮೂರು ತಿಂಗಳು ಮನೆಯಲ್ಲಿ ಕೂತಳು. ಯಾಕಮ್ಮ ಹೇಳಲಿಲ್ಲ ಅಂತ ಕೇಳಿದೆ. ‘ಅಪ್ಪ ಅಷ್ಟು ದೂರದಿಂದ ಕರೆದುಕೊಂಡು ಬರುತ್ತಾರಲ್ಲ ಮಿಸ್’ ಅಂದಳು.

ನನಗೆ ಅವತ್ತು ತಿಳಿದಿದ್ದು ಇದು. ಊರಿನ ಮಗು ನೋವಾದರೆ ‘ಇವತ್ತು ಬೇಡ ಮಿಸ್’ ಅಂದು ಸೈಕಲ್ ಹತ್ತಿ ಹೋಗುತ್ತದೆ. 60 ಕಿಲೋಮೀಟರ್ ಬಂದ ಮಗುವಿಗೆ ಆ ಬಾಯಿ ಇರುವುದಿಲ್ಲ. ಅಮ್ಮ ಬೆಂಚಿನ ಮೇಲೆ ಕೂತಿದ್ದಾಳೆ, ಹೊಲಿಗೆ ಬಿಟ್ಟು ಬಂದಿದ್ದಾಳೆ, ತಮ್ಮ ಮನೆಯಲ್ಲಿ ಅಳುತ್ತಿದ್ದಾನೆ, ಅಜ್ಜಿ ಬೈಯುತ್ತಿದ್ದಾರೆ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡ ಮಗು ಕೈ ನೋಯುತ್ತಿದೆ ಅಂತ ಹೇಗೆ ಹೇಳೀತು? ದಾರಿ ಉದ್ದ ಆದಷ್ಟೂ ಮಗು ನೋವು ಮುಚ್ಚಿಡುತ್ತದೆ. ನಿಮ್ಮ ಮಗಳು ‘ನಾನು ಬಿಡಲ್ಲ’ ಅಂದಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ, ಕ್ಷಮಿಸಿ. ಇಷ್ಟವೂ ಇರಬಹುದು, ಬಿಟ್ಟರೆ ಅಮ್ಮನ ಇಷ್ಟು ದಿನದ ಓಡಾಟ ನೀರಿಗೆ ಹೋಯಿತಲ್ಲ ಅನ್ನುವ ಹೆದರಿಕೆಯೂ ಇರಬಹುದು. 5 ದಿನವನ್ನು 2 ಮಾಡಿ ಅಂತ ನಾನು ಒತ್ತಿ ಹೇಳುತ್ತಿರುವುದಕ್ಕೆ ನಿದ್ದೆಗಿಂತ ದೊಡ್ಡ ಕಾರಣ ಇದೇ.

ಅವಳ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಹಾಲ್ ಬಾಗಿಲಿಗೆ ಬಂದ ಮೇಲೂ ‘ಇವತ್ತು ನೋಯ್ತಿದೆ’ ಅಂದರೆ ಮರುಮಾತಿಲ್ಲದೆ ವಾಪಸ್. ‘ಇಷ್ಟು ದೂರ ಬಂದು...’ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಕೂಡದು. ಒಂದು ಸಲ ನಿಜವಾಗಿಯೂ ಹಾಗೆ ವಾಪಸ್ ಬಂದು, ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆ ಕೊಡಿಸಿ ಬಸ್ ಹತ್ತಿಸಿದರೆ ಅವಳಿಗೆ ನಂಬಿಕೆ ಬರುತ್ತದೆ. ಮಣಿಕಟ್ಟು, ಕೆಳಬೆನ್ನು, ಹಿಮ್ಮಡಿ ಈ ಮೂರನ್ನು ವಾರಕ್ಕೊಮ್ಮೆ ಸ್ನಾನ ಮಾಡಿಸುವಾಗಲೋ ಎಣ್ಣೆ ಹಚ್ಚುವಾಗಲೋ ನೀವೇ ಒತ್ತಿ ನೋಡಿ. ಹಿಂದಕ್ಕೆ ಬಗ್ಗಿದಾಗ ಸೊಂಟದಲ್ಲಿ ಒಂದೇ ಕಡೆ ನೋವು ಎರಡು ವಾರ ದಾಟಿದರೆ ಮುಲಾಮು ಹಚ್ಚಿಕೊಂಡು ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ, ಇದನ್ನು ಯಾರೂ ಅಮ್ಮಂದಿರಿಗೆ ಹೇಳುವುದಿಲ್ಲ. ನಿಮ್ಮ ಮಗಳು ಸಣ್ಣಗಿದ್ದರೆ ಫ್ಲೈಯರ್ ಮಾಡಿರುತ್ತಾರೆ. 11-12ರ ಹೊತ್ತಿಗೆ ಹುಡುಗಿಯರು ಒಂದೇ ವರ್ಷದಲ್ಲಿ ಎತ್ತರ ಆಗುತ್ತಾರೆ, ತೂಕ ಬರುತ್ತದೆ, ಬರಲೇಬೇಕು. ಆಗ ಮೇಲಿದ್ದವಳನ್ನು ಕೆಳಗೆ ಬೇಸ್ ಮಾಡುತ್ತಾರೆ. ಅದು ಹಿಂಬಡ್ತಿ ಅಲ್ಲ, ಎಲ್ಲ ಕಡೆ ಹೀಗೇ. ಆದರೆ ಕೆಲವು ಮಕ್ಕಳು ಮೇಲಿನ ಜಾಗ ಉಳಿಸಿಕೊಳ್ಳಲು ರಾತ್ರಿ ಊಟ ಬಿಡುತ್ತಾರೆ, ‘ಬಸ್ಸಲ್ಲೇ ತಿಂದೆ’ ಅಂತ ಸುಳ್ಳು ಹೇಳುತ್ತಾರೆ. ನಿಮ್ಮ ವಿಷಯದಲ್ಲಿ ಊಟ ಬೇರೆ ರಾತ್ರಿ 10ಕ್ಕೆ. ಡಬ್ಬಿ ಎರಡು ಒಯ್ಯಿರಿ: ಹೋಗುವಾಗ ಚಪಾತಿ ಪಲ್ಯವೋ ಮೊಸರನ್ನವೋ, ಕ್ಲಾಸ್ ಮುಗಿದ ಕೂಡಲೇ ಮೊಟ್ಟೆ, ಶೇಂಗಾ, ಬಾಳೆಹಣ್ಣು. ಮಂಡಕ್ಕಿ ಮೆಣಸಿನಕಾಯಿ ರುಚಿಗೆ ಸರಿ, ಊಟದ ಲೆಕ್ಕಕ್ಕೆ ಬರುವುದಿಲ್ಲ.

ಖರ್ಚಿನ ವಿಷಯ ನೀವು ಬರೆದಿಲ್ಲ, ಯಾಕೆ ಅಂತ ಊಹೆ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೂ ಮಗಳಿಗೂ ಶೂನ್ಯ ಟಿಕೆಟ್. ಒಳ್ಳೆಯದೇ. ಈ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಮನೆಯಿಂದ ಹೊರಬಿದ್ದಿದ್ದಾರೆ. ಆದರೆ ಟಿಕೆಟ್ ಸೊನ್ನೆ ಆದ ಕೂಡಲೇ ಮನೆಯವರು ಲೆಕ್ಕ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ನೀವು ಹೊಲಿಯದೆ ಬಿಟ್ಟ ಬ್ಲೌಸ್ ಎಷ್ಟು, ಒಂದಕ್ಕೆ ಎಷ್ಟು ಕೂಲಿ, ಒಂದು ತಿಂಗಳದು ಬರೆದು ನೋಡಿ. ಆಟೋ ಸೇರಿಸಿ. ಫೀಸು ಸೇರಿಸಿ. ಆ ಮೊತ್ತ ನೋಡಿದ ಮೇಲೆ 2 ದಿನ ಅನ್ನುವುದು ಯಜಮಾನರಿಗೂ ಸುಲಭವಾಗಿ ಅರ್ಥ ಆಗುತ್ತದೆ. ಹಬ್ಬ, ಜಾತ್ರೆ ದಿನಗಳಲ್ಲಿ ನಿಂತುಕೊಂಡೇ ಹೋಗಬೇಕಾದಾಗ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟು ಕೂತು ಹೋಗಿ, ಜಿಪುಣತನ ಬೇಡ. ಒಂದು ಗಂಟೆ ನಿಂತು ಬಂದ ಕಾಲಿನಲ್ಲಿ ಲಾಗ ಹಾಕಬಾರದು. ರೈಲು ನಿಮಗೆ ಹೊಂದುವುದಿಲ್ಲ, ಈಗಿನ ದಾರಿ ಚಿಕ್ಕಜಾಜೂರು ಬಳಸಿಕೊಂಡು ಹೋಗುತ್ತದೆ.

ದುರ್ಗದಿಂದಲೋ ಭರಮಸಾಗರದಿಂದಲೋ ಅದೇ ಟೀಮಿಗೆ ಬರುವ ಇನ್ನೊಂದು ಮಗು ಇದೆಯಾ ವಿಚಾರಿಸಿ. ಇದ್ದರೆ ಒಂದು ದಿನ ನೀವು, ಒಂದು ದಿನ ಅವರ ಅಮ್ಮ. ನಿಮಗೆ ವಾರಕ್ಕೆ ಒಂದೇ ಪ್ರಯಾಣ ಆಗುತ್ತದೆ. ಮಗನಿಗೂ ಅಮ್ಮ ಸಿಗುತ್ತಾಳೆ. ಎರಡನೇ ಕ್ಲಾಸಿನ ಹುಡುಗ ವಾರಕ್ಕೆ 5 ರಾತ್ರಿ ಅಮ್ಮನನ್ನು ನೋಡದೆ ಮಲಗುತ್ತಿದ್ದಾನೆ, ನಿಮ್ಮ ಪತ್ರದಲ್ಲಿ ಅವನಿಗೆ ಒಂದೇ ಸಾಲು ಸಿಕ್ಕಿದೆ. ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಒಂದೇ ಮಾತು: ಬೆಳಿಗ್ಗೆಯಿಂದ ಅಂಗಡಿಯಲ್ಲಿ ನಿಂತ ಯಜಮಾನರು ರಾತ್ರಿ 8ರ ಮೇಲೆ ಹೈವೇಯಲ್ಲಿ ಗಾಡಿ ಓಡಿಸುವುದು ಬೇಡ. ರಸ್ತೆ ಪಕ್ಕ ನಿಂತ ಲಾರಿ ಕತ್ತಲಲ್ಲಿ ಕಾಣುವುದಿಲ್ಲ. ಬಸ್ಸೇ ವಾಸಿ.

ದಾವಣಗೆರೆಯಲ್ಲಿ ಮನೆ ಮಾಡುವುದು ಬೇಡ ಅಂದೆನಲ್ಲ, ಅದು ಬಾಡಿಗೆ ಲೆಕ್ಕದ ಮೇಲೆ ಹೇಳಿದ್ದಲ್ಲ. ಇಂಥ ಹೊಸ ಟೀಮುಗಳು ಒಬ್ಬ ಕೋಚ್ ಮೇಲೆ ನಿಂತಿರುತ್ತವೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ನೀವು ಬಾಡಿಗೆ ಕಟ್ಟಿಕೊಂಡು ಅಲ್ಲಿ ಏನು ಮಾಡುತ್ತೀರಿ? ಅದೂ ಅಲ್ಲದೆ, ಮನೆಯೇ ತನಗಾಗಿ ಊರು ಬಿಟ್ಟಿತು ಅಂತಾದರೆ ಆ ಮಗು ಇನ್ನು ಯಾವತ್ತೂ ಕೈ ನೋವು ಅಂತ ಹೇಳುವುದಿಲ್ಲ.

ಬೆಂಗಳೂರು ಕ್ಯಾಂಪು ತಿಂಗಳಿಗೊಮ್ಮೆ ಬೇಡ. ಆರು ತಿಂಗಳಿಗೊಮ್ಮೆ ಹೋಗಲಿ, ಅದೂ ಅಲ್ಲಿ ಏನು ಹೇಳಿಕೊಡುತ್ತಾರೆ ಅಂತ ಮೊದಲೇ ಕೇಳಿ, ದಾವಣಗೆರೆಯಲ್ಲಿ ಆಗದ್ದು ಇದ್ದರೆ ಮಾತ್ರ. ದಾವಣಗೆರೆಯ ಮಕ್ಕಳು ಜನಶತಾಬ್ದಿಯಲ್ಲೋ, 2023ರಿಂದ ಓಡುತ್ತಿರುವ ವಂದೇ ಭಾರತ್‌ನಲ್ಲೋ ಹೋಗಬಹುದು. ನೀವು 60 ಕಿಲೋಮೀಟರ್ ಹಿಂದಕ್ಕೆ ಹೋಗಿ ರೈಲು ಹತ್ತುವುದರಲ್ಲಿ ಅರ್ಥವಿಲ್ಲ, ದುರ್ಗದಿಂದಲೇ ಶನಿವಾರ ಮಧ್ಯಾಹ್ನ ಬಸ್ ಹತ್ತಿ, ನೆಂಟರ ಮನೆಯಲ್ಲಿ ಮಲಗಿ, ಭಾನುವಾರ ಕ್ಯಾಂಪ್ ಮುಗಿಸಿ ಬನ್ನಿ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಮುಖ ತೊಳೆದು ನೇರ ಹಾಲ್‌ಗೆ ಇಳಿಸುವ ಕೆಲಸ ಮಾತ್ರ ಮಾಡಬೇಡಿ.

ಕೋಚ್‌ಗೆ ಕೇಳಬೇಕಾದ ಪ್ರಶ್ನೆ ಇನ್ನೊಂದೆರಡಿವೆ. ಹೊಸದಾಗಿ ಎತ್ತುವಾಗ ಪಕ್ಕದಲ್ಲಿ ದೊಡ್ಡವರು ಎಷ್ಟು ಜನ ನಿಲ್ಲುತ್ತಾರೆ? ಮಗುವಿಗೆ ಯಾವ ಹಂತದ್ದು ಕಲಿಸುತ್ತಿದ್ದೀರಿ? ಅಮೆರಿಕದ ಪದ್ಧತಿಯಲ್ಲಿ ಹಂತ 1ರಿಂದ 7ರವರೆಗೆ ಇವೆ, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಬರುವುದೇ 2ನೇ ಹಂತದಲ್ಲಿ. ಒಂದು ವರ್ಷದಲ್ಲಿ 4ನೇ ಹಂತಕ್ಕೆ ತಂದುಬಿಡುತ್ತೇನೆ ಅನ್ನುವವರ ಹತ್ತಿರ ಮಗುವನ್ನು ಬಿಡಬೇಡಿ. ಕ್ಲಾಸ್ ನಡೆಯುವಾಗ ಅಪ್ಪ-ಅಮ್ಮ ಒಳಗೆ ಕೂರಬಹುದಾ? ಬೇಡ ಅಂದರೆ ಆ ಜಾಗ ಬೇಡ, ಇಷ್ಟೇ.

ದಸರಾ ರಜೆವರೆಗೆ ಹೀಗೆ ಮಾಡಿ ನೋಡಿ. ಬೆಳಿಗ್ಗೆ ನೀವು ಎಬ್ಬಿಸುವ ಮೊದಲೇ ವಾರದಲ್ಲಿ ಎರಡು ಮೂರು ದಿನವಾದರೂ ಅವಳೇ ಏಳುತ್ತಿದ್ದರೆ ನಿದ್ದೆ ಸಾಕಾಗುತ್ತಿದೆ ಅಂತ ಅರ್ಥ. ಹೋಗದ ದಿನ ಗೋಡೆಗೆ ಕಾಲು ಕೊಟ್ಟು ತಾನಾಗಿಯೇ ನಿಲ್ಲುತ್ತಿದ್ದರೆ ಆಟ ನಿಜವಾಗಿಯೂ ಇಷ್ಟ ಅಂತ ಅರ್ಥ. ಅತ್ತೆಯವರನ್ನು ಒಂದು ಶನಿವಾರ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಟಿಕೆಟ್ ಇಲ್ಲವಲ್ಲ. ಮೊಮ್ಮಗಳು ಮೇಲೆ ಹೋದಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ, ಇಳಿದ ಮೇಲೆ ‘ಇನ್ನೊಂದು ಸಲ ಮಾಡು’ ಅನ್ನುತ್ತಾರೆ. ನನ್ನ ಹಾಲ್‌ಗೆ ಬಂದ ಅಜ್ಜಿಯರೆಲ್ಲ ಹಾಗೇ ಮಾಡಿದ್ದು.

ಕೊನೆಗೆ ಹೋಮ್‌ವರ್ಕ್. ಬಸ್ಸಿನಲ್ಲಿ ಬೇಡ. ಹೋಗುವಾಗ ಬೇಕಾದರೆ ಪಾಠ ಬಾಯಲ್ಲಿ ಕೇಳಿ, ಮಗ್ಗಿ, ಪದ್ಯ, ಇಂಥದ್ದು. ಓಡುವ ಬಸ್ಸಿನಲ್ಲಿ ಪುಸ್ತಕ ನೋಡಿದರೆ ತಲೆ ಸುತ್ತುತ್ತದೆ, ಆ ಸುತ್ತು ಹಾಲ್‌ವರೆಗೂ ಬರುತ್ತದೆ. ಬರುವಾಗ ಬರೀ ನಿದ್ದೆ. ಹಿಂದಿನ ಸೀಟು ಬೇಡ, ಎಗರುತ್ತದೆ. ಡ್ರೈವರ್ ಹಿಂದಿನ ಮೂರನೆಯದೋ ನಾಲ್ಕನೆಯದೋ ಹಿಡಿಯಿರಿ, ಕಿಟಕಿ ಕಡೆ ನೀವು ಕೂರಿ, ಅವಳು ನಿಮ್ಮ ಹೆಗಲಿಗೆ ಒರಗಲಿ. ಕಿಟಕಿ ಸರಳಿಗೆ ತಲೆ ಒರಗಿಸಿದರೆ ಆನಗೋಡು ಬರುವಷ್ಟರಲ್ಲಿ ಕತ್ತು ಹಿಡಿದಿರುತ್ತದೆ. ಸ್ಕೂಲ್ ಬ್ಯಾಗ್ ನಿಮ್ಮ ಕಾಲ ಹತ್ತಿರ ಇರಲಿ.